ಆಡುವುದು ಮಿನಾಂಗ್, ಬರೆಯುವುದು ಮಲಯ್

ಪ್ರಶ್ನೆ: ನಾನು ಉಡುಪಿ ಕಡೆಯವನು. ನಾಲ್ಕು ವರ್ಷದಿಂದ ಕ್ವಾಲಾಲಂಪುರದಲ್ಲಿದ್ದೇನೆ, ಕೆಲಸ ಸಾಗುವಷ್ಟು ಮಲಯ್ ಬರುತ್ತದೆ. ಸುಮಾತ್ರದ ಪಡಾಂಗ್‌ನಿಂದ ಬಂದ ನನ್ನ ಸಹೋದ್ಯೋಗಿಯೊಬ್ಬರು ಮನೆಗೆ ಫೋನ್ ಮಾಡಿದಾಗ ಆಡುವ ಮಾತು ನನಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಇಲ್ಲ. ಕೇಳಿದರೆ, "ಅದು ಮಿನಾಂಗ್. ಮಲಯ್ ಪದದ ಕೊನೆಯ ‘ಅ’ ತೆಗೆದು ‘ಒ’ ಹಾಕು, ಮುಗಿಯಿತು" ಎಂದು ನಗುತ್ತಾರೆ. ಇನ್ನೊಬ್ಬರು, "ಅದಕ್ಕೆ ಲಿಪಿಯೇ ಇಲ್ಲ, ಮಲಯ್‌ನ ಒಂದು ಆಡುನುಡಿ ಅಷ್ಟೇ" ಎನ್ನುತ್ತಾರೆ. ಅವರಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದಂತೆ. ನಮ್ಮ ಮನೆಯಲ್ಲೂ ಹಿಂದೆ ಅಳಿಯಕಟ್ಟು ಇತ್ತು. ಮಿನಾಂಗ್ ಬೇರೆ ಭಾಷೆಯೇ? ಅವರಿಗೂ ನಮಗೂ ಏನಾದರೂ ನಂಟುಂಟೇ?

ಉತ್ತರ: ನಿಮ್ಮ ಸಹೋದ್ಯೋಗಿ ಸುಳ್ಳು ಹೇಳಿಲ್ಲ. ಹೊರಗಿನವರು ಕೇಳಿದಾಗ ಕೊಡಲೆಂದು ಪಡಾಂಗ್‌ನವರು ಇಟ್ಟುಕೊಂಡಿರುವ ಸಿದ್ಧ ಉತ್ತರ ಅದು. ತಮ್ಮ ಭಾಷೆಯನ್ನು ತಾವೇ ಸ್ವಲ್ಪ ಕೆಳಗಿಟ್ಟು ಮಾತನಾಡುವ ಈ ಅಭ್ಯಾಸ ಎಲ್ಲಿಂದ ಬಂತು ಎಂಬುದೇ ನಿಮ್ಮ ಪ್ರಶ್ನೆಯ ಒಳಗಿರುವ ಒಳ್ಳೆಯ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ‘ಅ’ ಮತ್ತು ‘ಒ’ ವಿಚಾರ.

ಮಲಯ್‌ನ ‘ಅಪ’ (ಏನು) ಮಿನಾಂಗ್‌ನಲ್ಲಿ ‘ಅಪೊ’, ‘ತಿಗ’ (ಮೂರು) ‘ತಿಗೊ’, ‘ಲಿಮ’ (ಐದು) ‘ಲಿಮೊ’. ಇಲ್ಲಿಯವರೆಗೆ ಅವರ ಸೂತ್ರ ಸರಿ. ಆದರೆ ಫೋನಿನಲ್ಲಿ ನಿಮಗೆ ಕೈಕೊಡುವುದು ಈ ಪದಗಳಲ್ಲ. ‘ಲಾವುತ್’ (ಕಡಲು) ‘ಲಾವುಯಿಕ್’ ಆಗುತ್ತದೆ. ‘ಪಾನಾಸ್’ (ಬಿಸಿ) ‘ಪಾನೆಹ್’, ‘ಬೆರಾಸ್’ (ಅಕ್ಕಿ) ‘ಬಾರೆಹ್’, ‘ಎಂಪಾತ್’ (ನಾಲ್ಕು) ‘ಆಂಪೆಕ್’, ‘ಆತಾಪ್’ (ಸೂರು) ‘ಆತೊಕ್’, ‘ತೆಲೂರ್’ (ಮೊಟ್ಟೆ) ‘ತಾಲುವ’, ‘ಕಾಂಪುಂಗ್’ (ಊರು) ‘ಕಾಂಪುವಾಂಗ್’. ಕೊನೆಯ ‘ಕ್’ ಅನ್ನು ನಾವು ‘ಬೆಕ್ಕು’ ಎನ್ನುವಾಗಿನ ಹಾಗೆ ಒತ್ತಿ ಹೇಳುವುದಿಲ್ಲ. ಗಂಟಲಲ್ಲಿ ಉಸಿರು ತಟ್ಟನೆ ಕಟ್ಟುತ್ತದೆ, ಅಷ್ಟೇ. ಪದದ ಕೊನೆಯ ರ, ಲ, ಸ, ತ, ಪ ಎಲ್ಲವೂ ಸವೆದುಹೋಗಿ ಹಿಂದಿನ ಸ್ವರ ಹಿಗ್ಗಿದೆ ಎಂದರೆ ಸುಮಾರಾಗಿ ಸರಿ.

ಇದರಲ್ಲಿ ಒಂದು ಮಜಾ ಇದೆ. ಮಲಯ್‌ನಿಂದ ಮಿನಾಂಗ್‌ಗೆ ಹೋಗುವ ದಾರಿಯಲ್ಲಿ ಬಹುಮಟ್ಟಿಗೆ ಊಹಿಸಿಕೊಂಡು ನಡೆಯಬಹುದು. ತಿರುಗಿ ಬರುವಾಗ ದಾರಿ ತಪ್ಪುತ್ತದೆ. ‘ಲಾವುಯಿಕ್’ನ ಹಿಂದೆ ‘ತ್’ ಇತ್ತು, ‘ಹಿದುಯಿಕ್’ನ ಹಿಂದೆ ‘ಪ್’ ಇತ್ತು (ಮಲಯ್‌ನಲ್ಲಿ ‘ಹಿದುಪ್’, ಬದುಕು). ಎರಡಕ್ಕೂ ಈಗ ಒಂದೇ ಬಾಲ. ನೀವು ಅರ್ಧ ಹಿಡಿದು ಅರ್ಧ ಕಳೆದುಕೊಳ್ಳುವುದು ಇದೇ ಕಾರಣಕ್ಕೆ. ನಿಮ್ಮ ಕಿವಿಯ ದೋಷವಲ್ಲ.

ಹಾಗೆಂದು ಮಲಯ್ ತಾಯಿ, ಮಿನಾಂಗ್ ಮಗಳು ಎಂದುಕೊಳ್ಳಬೇಡಿ. ಎರಡೂ ಒಂದೇ ಹಳೆಯ ಬೇರಿನಿಂದ ಒಡೆದ ಅಕ್ಕತಂಗಿಯರು. ‘ಪುಲಿ’ ಕನ್ನಡದಲ್ಲಿ ‘ಹುಲಿ’ಯಾಯಿತು, ನಿಮ್ಮ ತುಳುವಿನಲ್ಲಿ ‘ಪಿಲಿ’ಯಾಗಿಯೇ ಉಳಿಯಿತು. ಇಷ್ಟು ನಿಯಮಬದ್ಧವಾಗಿ ಒಂದರಿಂದ ಇನ್ನೊಂದನ್ನು ಊಹಿಸಬಹುದು ಎಂಬ ಕಾರಣಕ್ಕೆ ತುಳುವನ್ನು ಕನ್ನಡದ ಆಡುನುಡಿ ಎಂದು ಯಾರಾದರೂ ಕರೆದರೆ ಉಡುಪಿಯಲ್ಲಿ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ದೂರದಲ್ಲಿ ವ್ಯತ್ಯಾಸವುಂಟು, ಒಪ್ಪುತ್ತೇನೆ. ತುಳು–ಕನ್ನಡಕ್ಕಿಂತ ಮಿನಾಂಗ್–ಮಲಯ್ ಬಹಳ ಹತ್ತಿರ. ಅದಕ್ಕೇ ಭಾಷಾಶಾಸ್ತ್ರಜ್ಞರೂ ಈ ಬಗ್ಗೆ ಜಗಳವಾಡಿದ್ದಾರೆ. ನನ್ನ ಮತ ಬೇರೆ ಭಾಷೆಯ ಕಡೆಗೆ. ಕಾರಣ ಧ್ವನಿಯಲ್ಲಿಲ್ಲ.

ಮೊದಲನೆಯದಾಗಿ, ದಿನಬಳಕೆಯ ಪದಗಳೇ ಬೇರೆ. ಒಂದು ಎನ್ನಲು ಮಲಯ್‌ನಲ್ಲಿ ‘ಸಾತು’, ಮಿನಾಂಗ್‌ನಲ್ಲಿ ‘ಚಿಯೆಕ್’. ದೊಡ್ಡದು ‘ಗದಾಂಗ್’, ಚಿಕ್ಕದು ‘ಕೆತೆಕ್’, ಚೆಂದ ‘ರಾಂಚಕ್’, ಹೋಗು ‘ಪಾಯಿ’, ತೆಂಗಿನಕಾಯಿ ‘ಕರಂಬಿಯ’. ಇದಕ್ಕಿಂತ ಅಪಾಯ, ಕೇಳಲು ಒಂದೇ ಆಗಿದ್ದು ಅರ್ಥ ಬೇರೆಯಾದವು. ವರ್ಷಗಳ ಹಿಂದೆ ಮಿನಾಂಗ್ ಸೀಮೆಯ ಬುಕಿತ್ತಿಂಗ್ಗಿಯಲ್ಲಿ ಕೆಲವು ವಾರ ಒಂದು ಮನೆಯಲ್ಲಿ ಬಾಡಿಗೆಗಿದ್ದೆ. ಯಜಮಾನಿ ತನ್ನ ಅಕ್ಕನಿಗೆ ಫೋನಿನಲ್ಲಿ ನನ್ನ ಬಗ್ಗೆ, "ಇನ್ಯೊ ಗಲಕ್ ಸಾಜೊ" ಎಂದರು. ಇಂಡೊನೇಷ್ಯನ್‌ನಲ್ಲಿ, ಅಂದರೆ ಮಲಯ್‌ನಿಂದಲೇ ರೂಪಿಸಿಕೊಂಡ ಆ ದೇಶದ ಭಾಷೆಯಲ್ಲಿ, ‘ಗಲಕ್’ ಎಂದರೆ ಸಿಡುಕ, ಮೇಲೆ ಬೀಳುವವನು. ಇಡೀ ದಿನ ನಾನೇನು ತಪ್ಪು ಮಾಡಿದೆ ಎಂದು ಯೋಚಿಸಿ ಸಂಜೆ ಕೇಳಿಯೇಬಿಟ್ಟೆ. ಮಿನಾಂಗ್‌ನಲ್ಲಿ ‘ಗಲಕ್’ ಎಂದರೆ ನಗು. "ಏನು ಕೇಳಿದರೂ ಬರೀ ನಗ್ತಾರೆ" ಎಂದಿದ್ದರಷ್ಟೆ. ಅದೂ ಹೊಗಳಿಕೆಯೇನಲ್ಲ ಬಿಡಿ, ಅರ್ಥವಾಗದಾಗ ನಗುವುದು ನನ್ನ ಹಳೆಯ ಚಾಳಿ.

ನಿಮಗೆ ಕ್ವಾಲಾಲಂಪುರದಲ್ಲೇ ಎಡವುವ ಪದ ‘ಅವಾಕ್’. ಅಲ್ಲಿ ಅದರರ್ಥ ‘ನೀವು’. ಮಿನಾಂಗ್‌ನಲ್ಲಿ ‘ಅವಾಕ್’ ಎಂದರೆ ನಾನು, ಅಥವಾ ನಾವು. ‘ಉರಾಂಗ್ ಅವಾಕ್’ ಎಂದರೆ ‘ನಮ್ಮವರು’. ಪರವೂರಿನಲ್ಲಿ ಇಬ್ಬರು ಮಿನಾಂಗರು ಸಿಕ್ಕರೆ ಒಬ್ಬರನ್ನೊಬ್ಬರು ಗುರುತಿಸುವ ಮಾತು ಅದು. ಇನ್ನೊಂದು ‘ಕಾವು’. ಮಲಯ್‌ನಲ್ಲಿ ಸಲಿಗೆಯ ‘ನೀನು’, ಗಂಡಿಗೂ ಹೆಣ್ಣಿಗೂ ಸಲ್ಲುತ್ತದೆ. ಮಿನಾಂಗ್‌ನಲ್ಲಿ ‘ಕಾವು’ ಹೆಣ್ಣಿಗೆ ಮಾತ್ರ, ಗಂಡಸಿಗೆ ‘ವಾಆಂಗ್’. ‘ನೀನು’ ಎಂಬುದಕ್ಕೆ ಲಿಂಗವೇ ಎಂದು ಆಶ್ಚರ್ಯಪಡಬೇಡಿ, ನಾವು ‘ಬಾರೋ’, ‘ಬಾರೇ’ ಎನ್ನುವುದಿಲ್ಲವೇ. ನಿಮ್ಮ ಸಹೋದ್ಯೋಗಿಗೆ ತಮಾಷೆಗೂ ‘ಕಾವು’ ಎನ್ನಬೇಡಿ, ‘ಬಾರೇ’ ಎಂದ ಹಾಗಾಗುತ್ತದೆ. ನಿಮಗಿಂತ ಹಿರಿಯರಾಗಿದ್ದರೆ ‘ಉದಾ’ (ಅಣ್ಣ) ಎನ್ನಿ, ಅಕ್ಕನಾದರೆ ‘ಉನಿ’.

ಈಗ ನನಗೆ ಮುಖ್ಯವೆನಿಸುವ ವಿಷಯ. ಮಿನಾಂಗರು ಮಾತನ್ನು ನಾಲ್ಕು ಬಗೆ ಎನ್ನುತ್ತಾರೆ, ‘ಕಾತೊ ನಾನ್ ಆಂಪೆಕ್’. ಹಿರಿಯರೊಡನೆ ಆಡುವುದು ‘ಮಂದಾಕಿ’, ಏರುವ ಮಾತು. ಕಿರಿಯರೊಡನೆ ‘ಮನುರುನ್’, ಇಳಿಯುವ ಮಾತು. ಓರಗೆಯವರೊಡನೆ ‘ಮಂದಾತ’, ಸಮತಟ್ಟಿನ ಮಾತು. ನಾಲ್ಕನೆಯದು ‘ಮಲೆರೆಂಗ್’, ಗುಡ್ಡದ ಓರೆಯಲ್ಲಿ ಅಡ್ಡಹಾಯುವ ಮಾತು. ಮರಾಪಿ, ಸಿಂಗ್ಗಲಾಂಗ್ ಎಂಬ ಅಗ್ನಿಪರ್ವತಗಳ ಮಗ್ಗುಲಲ್ಲಿ ಗದ್ದೆ ಮಾಡಿ ಬದುಕಿದವರಿಗೆ ಮರ್ಯಾದೆಯ ಲೆಕ್ಕಕ್ಕೂ ಇಳಿಜಾರೇ ಅಳತೆಗೋಲಾಗಿದೆ.

ಏರುವುದು, ಇಳಿಯುವುದು ನಮಗೆ ಹೊಸದಲ್ಲ. ‘ಓರೆ’ ಮಾತ್ರ ವಿಶೇಷ. ಮದುವೆಯಿಂದ ಬಂದ ನೆಂಟರ ನಡುವೆ, ಅಂದರೆ ಅತ್ತೆ ಮತ್ತು ಮನೆಯಳಿಯ, ಭಾವ, ಬೀಗರು ಇಂಥವರ ನಡುವೆ ಯಾವುದನ್ನೂ ನೇರ ಹೇಳಬಾರದು. ಗಾದೆ, ಉಪಮೆ, ಸುತ್ತುಬಳಸು ಬೇಕು. ಊಹಿಸಿಕೊಳ್ಳಿ, ಸೂರು ಸೋರುತ್ತಿದೆ, ಅಳಿಯ ಜಗಲಿಯಲ್ಲಿ ಕೂತಿದ್ದಾನೆ. ಅತ್ತೆ "ರಿಪೇರಿ ಮಾಡಿಸು" ಎನ್ನುವ ಹಾಗಿಲ್ಲ. "ಈ ಸಲ ಮಳೆ ಬೇಗ ಬರುವ ಹಾಗಿದೆ" ಎಂದು ಯಾರಿಗೂ ಅಲ್ಲದಂತೆ ಹೇಳುತ್ತಾಳೆ. ಅಳಿಯನಿಗೆ ತಿಳಿಯಬೇಕು. ತಿಳಿಯದಿದ್ದರೆ ಅವನಿಗೆ ಮಾತೇ ಬರುವುದಿಲ್ಲ ಎಂದು ಅರ್ಥ, ವ್ಯಾಕರಣ ಎಷ್ಟೇ ಸರಿಯಿರಲಿ. ಈ ಭಾಷೆಯನ್ನು ‘ಅ’ ತೆಗೆದು ‘ಒ’ ಹಾಕಿ ಕಲಿಯಲು ಬರುವುದಿಲ್ಲ ಎನ್ನುವುದು ಇದಕ್ಕೇ. ಯಾರು ಯಾರಿಗೆ ಏನಾಗಬೇಕು ಎಂಬುದು ಗೊತ್ತಿಲ್ಲದೆ ಬಾಯಿ ತೆರೆಯುವಂತಿಲ್ಲ.

ಆ ನಂಟಿನ ಬಲೆಯೇ ನೀವು ಕೇಳಿದ ಹೆಣ್ಣುಕಟ್ಟು. ಜಗತ್ತಿನಲ್ಲಿ ಇಂದು ಉಳಿದಿರುವ ಮಾತೃವಂಶೀಯ ಸಮಾಜಗಳಲ್ಲಿ ಮಿನಾಂಗ್‌ಕಬಾವು (ಮಿನಾಂಗರ ಪೂರ್ತಿ ಹೆಸರು) ಎಲ್ಲಕ್ಕಿಂತ ದೊಡ್ಡದು. 2010ರ ಜನಗಣತಿಯಲ್ಲಿ ಇಂಡೊನೇಷ್ಯದಲ್ಲಿ ತಮ್ಮನ್ನು ಮಿನಾಂಗರೆಂದು ಹೇಳಿಕೊಂಡವರು ಸುಮಾರು 65 ಲಕ್ಷ, ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಪಶ್ಚಿಮ ಸುಮಾತ್ರ ಪ್ರಾಂತ್ಯದ ಹೊರಗೆ. ಮಗು ತಾಯಿಯ ‘ಸುಕು’ವಿಗೆ, ಅಂದರೆ ಕುಲಕ್ಕೆ, ಸೇರುತ್ತದೆ. ನಿಮ್ಮಲ್ಲಿ ‘ಬರಿ’ (ತಾಯಿಯ ಕಡೆಯ ಕುಲ) ಹೇಗೋ ಹಾಗೆ, ಒಂದೇ ಸುಕುವಿನೊಳಗೆ ಮದುವೆ ಸಲ್ಲದು. ಕೊತೊ, ಪಿಲಿಯಾಂಗ್, ಬೊದಿ, ಚನಿಯಾಗೊ ಎಂಬ ನಾಲ್ಕು ಮೂಲ ಸುಕುಗಳು, ಆಮೇಲೆ ಒಡೆದು ಹಲವಾದವು. ತಾಯಿಯ ಅಣ್ಣತಮ್ಮಂದಿರು ‘ಮಾಮಕ್’, ಅಕ್ಕತಂಗಿಯರ ಮಕ್ಕಳು ‘ಕಮನಾಕನ್’. ನಿಮ್ಮ ಯಜಮಾನ ಮಾವ, ಅಳಿಯ ಕಣ್ಣಮುಂದೆ ಬಂದಿರಬೇಕಲ್ಲ. "ಮಗು ಮಡಿಲಲ್ಲಿ, ಸೋದರಳಿಯ ಕೈಬೆರಳಲ್ಲಿ" ಎಂಬರ್ಥದ ಗಾದೆ ಅವರಲ್ಲಿದೆ: ‘ಆನಕ್ ದಿಪಾಂಗ್ಕು, ಕಮನಾಕನ್ ದಿಬಿಂಬಿಯಾಂಗ್’. ತನ್ನ ಮಕ್ಕಳನ್ನೂ ಸಾಕಬೇಕು, ಅಕ್ಕನ ಮಕ್ಕಳನ್ನೂ ನಡೆಸಬೇಕು.

ಒಂದು ವ್ಯತ್ಯಾಸ ಮರೆಯಬೇಡಿ. ತುಳುನಾಡಿನಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದರೂ ಹೆಂಡತಿ ಸಾಮಾನ್ಯವಾಗಿ ಗಂಡನ ಮನೆಗೆ ಹೋಗಿ ಬಾಳುತ್ತಿದ್ದಳು. ಮಿನಾಂಗ್‌ನಲ್ಲಿ ಹೆಣ್ಣು ಕದಲುವುದಿಲ್ಲ. ಕೋಣದ ಕೊಂಬಿನಂತೆ ಸೂರು ಮೇಲೆದ್ದ ‘ರುಮಾ ಗದಾಂಗ್’, ದೊಡ್ಡಮನೆ, ಅವಳದು. ಗಂಡನೇ ಬರಬೇಕು. ಹಿಂದೆ ರಾತ್ರಿ ಬಂದು ಬೆಳಗಾಗುವಾಗ ತಾಯಿಮನೆಗೆ ಹೊರಡುತ್ತಿದ್ದ. ಹೆಂಡತಿಮನೆಯಲ್ಲಿ ಅವನ ಸ್ಥಿತಿಗೆ ಅವರು ಕೊಡುವ ಹೋಲಿಕೆ, ‘ಮರದ ಬೊಡ್ಡೆಯ ಮೇಲಿನ ಬೂದಿ’. ಗಾಳಿ ಬೀಸಿದರೆ ಹಾರಿಹೋಗುವುದು. ಈಗ ಬಹುಪಾಲು ಜನ ಗಂಡಹೆಂಡತಿ ಮಕ್ಕಳೆಂದು ಬೇರೆ ಸಂಸಾರ ಹೂಡಿದ್ದಾರೆ. ಪಿತ್ರಾರ್ಜಿತಕ್ಕೆ, ಅಲ್ಲ, ‘ಮಾತ್ರಾರ್ಜಿತ’ಕ್ಕೆ ಮಾತ್ರ ಹಳೆಯ ಕಟ್ಟಳೆ ನಡೆಯುತ್ತದೆ. ಸ್ವಂತ ದುಡಿಮೆಯ ಸ್ವತ್ತು ಇಸ್ಲಾಮೀ ನಿಯಮದಂತೆ ಹಂಚಿಕೆಯಾಗಬೇಕೆಂದು 1952ರಲ್ಲಿ ಬುಕಿತ್ತಿಂಗ್ಗಿಯಲ್ಲಿ ಉಲೇಮಾಗಳೂ ಕುಲದ ಹಿರಿಯರೂ ಕೂತು ಒಪ್ಪಿಕೊಂಡರು. ನಿಮ್ಮಲ್ಲಿ 1949ರ ಮದರಾಸು ಅಳಿಯಸಂತಾನ ಕಾಯಿದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಕಟ್ಟನ್ನು ಸಡಿಲಿಸಿದವು. ಅವರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರು. ಕಟ್ಟಾ ಮುಸ್ಲಿಮರಾಗಿದ್ದು ಇದು ಹೇಗೆ ಎಂದು ಹೊರಗಿನವರು ಬೆರಗಾಗುತ್ತಾರೆ. 19ನೇ ಶತಮಾನದ ಮೊದಲ ಅರ್ಧದ ಪದ್ರಿ (ಇಸ್ಲಾಮೀ ಸುಧಾರಕರ) ಯುದ್ಧ ಇದೇ ತಿಕ್ಕಾಟದಿಂದ ಶುರುವಾದದ್ದು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಹೆಣ್ಣಿಗೆ ಮನೆಯಿದ್ದು ಗಂಡಿಗೆ ಮನೆಯಿಲ್ಲದ ಊರಿನಲ್ಲಿ ಗಂಡು ಏನು ಮಾಡುತ್ತಾನೆ? ಊರು ಬಿಡುತ್ತಾನೆ. ಅದಕ್ಕೆ ‘ಮರಾಂತಾವು’ ಎನ್ನುತ್ತಾರೆ. ಪ್ರತಿಯೊಬ್ಬ ಮಿನಾಂಗನಿಗೂ ಬಾಯಿಪಾಠವಾದ ನಾಲ್ಕು ಸಾಲಿನ ಒಂದು ಪಾಂತೂನ್ ಇದೆ:

ಕರಾತಾವು ಮದಾಂಗ್ ದಿ ಹುಲು
ಬಬುವಾಹ್ ಬಬುಂಗೊ ಬಾಲುನ್
ಮರಾಂತಾವು ಬುಜಾಂಗ್ ದಾಹುಲು
ದಿ ರುಮಾಹ್ ಪಗುನೊ ಬಾಲುನ್

ಹೊಳೆಯ ಮೇಲ್ಗಡೆಯ ಮರ ಇನ್ನೂ ಹೂ ಬಿಟ್ಟಿಲ್ಲ, ಕಾಯಿ ಬಿಟ್ಟಿಲ್ಲ. ಹುಡುಗಾ, ಮೊದಲು ಪರವೂರಿಗೆ ಹೋಗು, ಮನೆಯಲ್ಲಿ ನಿನ್ನಿಂದ ಇನ್ನೂ ಪ್ರಯೋಜನವಿಲ್ಲ. ನಮ್ಮಲ್ಲಿ ಕೆಲಸವಿಲ್ಲದ ಮಗನಿಗೆ ಬೈಗುಳ ಬೀಳುತ್ತದೆ, ಅವರು ಪದ್ಯ ಹೇಳಿ ಕಳಿಸುತ್ತಾರೆ! ಇಂಡೊನೇಷ್ಯದ ಯಾವ ಊರಿಗೆ ಹೋದರೂ ಗಾಜಿನ ಹಿಂದೆ ತಟ್ಟೆಗಳನ್ನು ಗೋಪುರದಂತೆ ಪೇರಿಸಿಟ್ಟ ಪಡಾಂಗ್ ಊಟದ ಮನೆ ಕಾಣುವುದು ಹೀಗಾಗಿ. ಅಲ್ಲಿ ಅನ್ನ ಮತ್ತೊಮ್ಮೆ ಬೇಕಾದರೆ ಜಾವಾದವರೂ ಕೂಗುವುದು ಮಿನಾಂಗ್‌ನಲ್ಲೇ, "ತಂಬುವಾಹ್ ಚಿಯೆಕ್!" ಪರವೂರಿನ ಹೋಟೆಲುಗಳಿಂದ ಹೆಸರಾದ ನಿಮ್ಮ ಉಡುಪಿಯವರಿಗೆ ಇದನ್ನು ವಿವರಿಸಬೇಕಿಲ್ಲ.

ಮೇಲಿನ ಪದ್ಯದಲ್ಲಿ ‘ಪಗುನೊ’ ಗಮನಿಸಿದಿರಾ? ಒಳಗಿರುವುದು ನಮ್ಮ ‘ಗುಣ’. ನಂಟಿನ ಪ್ರಶ್ನೆಗೆ ಇಲ್ಲಿಂದ ಉತ್ತರ ಶುರು. ಸಂಸ್ಕೃತದಿಂದ ಹೋದ ಪದಗಳು ಮಿನಾಂಗ್ ಬಾಯಲ್ಲಿ ‘ಒ’ ತೊಟ್ಟಿವೆ: ನಾಮ ‘ನಾಮೊ’, ರಸ ‘ರಾಸೊ’, ಕಪಾಲ ‘ಕಪಾಲೊ’ (ತಲೆ), ಕಾರ್ಯ ‘ಕರಾಜೊ’, ಭಾಷೆ ‘ಬಾಸೊ’. ರಂಜಾನ್ ಉಪವಾಸಕ್ಕೆ ಅವರು ಅನ್ನುವುದು ‘ಪುವಾಸೊ’, ಅದು ನಮ್ಮ ‘ಉಪವಾಸ’ವೇ. ಅವರ ರಾಜಕೀಯವನ್ನೆಲ್ಲ ಹಿಡಿದಿಟ್ಟ ಒಂದು ನುಡಿ ಇದೆ: ‘ಕಮನಾಕನ್ ಬರಾಜೊ ಕ ಮಾಮಕ್, ಮಾಮಕ್ ಬರಾಜೊ ಕ ಪಂಘುಲು, ಪಂಘುಲು ಬರಾಜೊ ಕ ಮುಫಾಕತ್’. ಸೋದರಳಿಯನಿಗೆ ಮಾವ ರಾಜ, ಮಾವನಿಗೆ ಕುಲದ ಮುಖ್ಯಸ್ಥ ರಾಜ, ಮುಖ್ಯಸ್ಥನಿಗೆ ಒಮ್ಮತವೇ ರಾಜ. ‘ರಾಜ’ ಭಾರತದಿಂದ, ‘ಮುಫಾಕತ್’ ಅರಬ್ಬಿಯಿಂದ. ವ್ಯವಸ್ಥೆ ಮಾತ್ರ ಪೂರ್ತಿ ಅವರದೇ.

ಕನ್ನಡನಾಡಿನ ನೇರ ಗುರುತೂ ಆ ಕರಾವಳಿಯಲ್ಲಿ ಒಂದಿದೆ. ಮಿನಾಂಗ್ ಸೀಮೆಯಿಂದ ಉತ್ತರಕ್ಕೆ, ಸುಮಾತ್ರದ ಪಶ್ಚಿಮ ತೀರದ ಬಾರೂಸ್ ಬಳಿ ಲೋಬು ತುವಾದಲ್ಲಿ 1088ರ ತಮಿಳು ಶಾಸನ ಸಿಕ್ಕಿದೆ. ಅದನ್ನು ಹಾಕಿಸಿದ್ದು ‘ಐನೂರ್ವರು’ ಎಂಬ ವರ್ತಕ ಸಂಘ, ನಮ್ಮ ಶಾಸನಗಳಲ್ಲಿ ಬರುವ ಅಯ್ಯಾವೊಳೆ ಐನೂರ್ವರು, ಅಂದರೆ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತವರು. ಅವರು ಅಲ್ಲಿಗೆ ಹೋದದ್ದು ಮುಖ್ಯವಾಗಿ ಕರ್ಪೂರಕ್ಕೆ. ಮಲಯ್‌ನಲ್ಲಿ ಅದಕ್ಕೆ ಈಗಲೂ ‘ಕಾಪುರ್ ಬಾರೂಸ್’ ಎಂದೇ ಹೆಸರು, ನಮ್ಮ ‘ಕರ್ಪೂರ’ ಎಂಬ ಪದವೇ ಆ ಕಡೆಯ ಭಾಷೆಗಳಿಂದ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ಅಳಿಯಕಟ್ಟು ಮಾತ್ರ ಈ ಹಡಗುಗಳಲ್ಲಿ ಹೋದದ್ದೂ ಅಲ್ಲ, ಬಂದದ್ದೂ ಅಲ್ಲ. ಅದು ಎರಡು ಕಡೆ ಬೇರೆಬೇರೆಯಾಗಿ ಬೆಳೆದದ್ದು. ಹೋಲಿಕೆ ಕಂಡಲ್ಲೆಲ್ಲ ವಲಸೆ ಕಾಣುವ ಉತ್ಸಾಹಿಗಳಿಂದ ದೂರವಿರಿ.

ಇನ್ನು ಲಿಪಿ. ಲಿಪಿ ಇರಲಿಲ್ಲ ಎನ್ನುವುದು ತಪ್ಪು, ಸ್ವಂತ ಲಿಪಿ ಇರಲಿಲ್ಲ ಎನ್ನಿ. ಅರಬ್ಬಿ ಅಕ್ಷರಗಳನ್ನು ಒಗ್ಗಿಸಿಕೊಂಡ ಜಾವಿ ಲಿಪಿಯಲ್ಲಿ ‘ತಂಬೊ’ ಎಂಬ ಪೂರ್ವಕಥನಗಳನ್ನೂ, ರಬಾಬ್ ಬಾರಿಸುತ್ತ ರಾತ್ರಿಯಿಡೀ ಹಾಡುವ ‘ಕಾಬ’ ಕತೆಗಳನ್ನೂ ಬರೆದಿಟ್ಟಿದ್ದಾರೆ. ತೊಡಕು ಬೇರೆ ಕಡೆ ಇದೆ. ಬರವಣಿಗೆ ಎಂದೊಡನೆ ಅವರ ಕೈ ಮಲಯ್ ಕಡೆಗೆ ಹೊರಳುತ್ತಿತ್ತು. ಪತ್ರ ಮಲಯ್‌ನಲ್ಲಿ, ಧರ್ಮಪಾಠ ಮಲಯ್‌ನಲ್ಲಿ, ಡಚ್ಚರು ತೆರೆದ ಊರಶಾಲೆಯೂ ಮಲಯ್‌ನಲ್ಲಿ. ಮನೆಯಲ್ಲಿ ತುಳು, ಸ್ಲೇಟಿನ ಮೇಲೆ ಕನ್ನಡ ಎಂದು ಬೆಳೆದವರಿಗೆ ಈ ಚಿತ್ರ ಅಪರಿಚಿತವಲ್ಲ.

ಫಲವೇನಾಯಿತೆಂದರೆ, ಈ ಜನ ಮಲಯ್ ಬರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ಹೋದರು. 1901ರಲ್ಲಿ ಮಲಯ್‌ಗೆ ರೋಮನ್ ಕಾಗುಣಿತ ಗೊತ್ತುಮಾಡಿದ ವಾನ್ ಓಫೌಸೆನ್ ಬುಕಿತ್ತಿಂಗ್ಗಿಯ ಉಪಾಧ್ಯಾಯರ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಅವರಿಗೆ ನೆರವಾದ ಇಬ್ಬರೂ ಸ್ಥಳೀಯ ಮೇಷ್ಟ್ರುಗಳು. 1928ರ ಅಕ್ಟೋಬರ್ 28ರಂದು "ನಮ್ಮ ಐಕ್ಯದ ಭಾಷೆ ಇಂಡೊನೇಷ್ಯನ್" ಎಂದು ಯುವಜನರು ತೊಟ್ಟ ಪ್ರತಿಜ್ಞೆಯ ಕರಡು ಬರೆದ ಮುಹಮ್ಮದ್ ಯಾಮಿನ್ ಮಿನಾಂಗ್. ಇಂಡೊನೇಷ್ಯದ ಮೊದಲ ಉಪಾಧ್ಯಕ್ಷ ಹತ್ತಾ, ಮೊದಲ ಪ್ರಧಾನಿ ಶಹರಿರ್, ಇಬ್ಬರೂ ಮಿನಾಂಗ್. 1920ರ ದಶಕದಲ್ಲಿ ಹೊಸ ಕಾದಂಬರಿ ಬರೆದವರಲ್ಲೂ ಅರ್ಧಕ್ಕರ್ಧ ಇದೇ ಬೆಟ್ಟಗಳ ಮಕ್ಕಳೇನೋ ಎನಿಸುತ್ತದೆ. ಒಂದು ದೇಶಕ್ಕೆ ಭಾಷೆ ಹೊಲಿದುಕೊಟ್ಟ ಜನ ತಮ್ಮ ಸ್ವಂತ ಅಂಗಿಯನ್ನು ಮನೆಯೊಳಗೆ ಮಾತ್ರ ತೊಟ್ಟರು. ನಿಮ್ಮ ಸಹೋದ್ಯೋಗಿಯ ‘ಅ’–‘ಒ’ ತಮಾಷೆ ಹುಟ್ಟಿದ್ದು ಇಲ್ಲಿ, ಕೀಳರಿಮೆಯಿಂದಲ್ಲ. ಎರಡನ್ನೂ ತಮ್ಮದೇ ಎಂದುಕೊಂಡ ಸಲಿಗೆಯಿಂದ.

ಆ ಸಲಿಗೆಗೆ ಬೆಲೆಯೂ ಉಂಟು. ನಕ್ಷೆಯಲ್ಲಿ ಊರುಗಳೆಲ್ಲ ಇಂಡೊನೇಷ್ಯನ್ ವೇಷದಲ್ಲಿವೆ. ಜನ ‘ಪಾಯೊಕುಂಬುವಾಹ್’ ಎನ್ನುವುದು ಫಲಕದಲ್ಲಿ ‘ಪಾಯಕುಂಬುಹ್’. ಶಾಲೆಗಳಲ್ಲಿ 1990ರ ದಶಕದಿಂದ ಮಿನಾಂಗ್ ಸಂಸ್ಕೃತಿಯ ಪಾಠವಿತ್ತು, ಆದರೆ ಪುಸ್ತಕ ಇಂಡೊನೇಷ್ಯನ್‌ನಲ್ಲಿ. ‘ಓರೆ ಮಾತು’ ಎಂದರೇನು ಎಂದು ಬೇರೆ ಭಾಷೆಯಲ್ಲಿ ವ್ಯಾಖ್ಯೆ ಬರೆದು ಮಕ್ಕಳು ಅಂಕ ತೆಗೆದರು. ನಾನಿದ್ದ ಮನೆಯಲ್ಲಿ ಊಟದ ಹೊತ್ತಿಗೆ ಅಜ್ಜಿ ಮಿನಾಂಗ್‌ನಲ್ಲಿ ಬಡಿಸುತ್ತಿದ್ದರು. ಮೊಮ್ಮಗ "ಸುದಾ ಕೆನ್ಯಾಂಗ್" (ಹೊಟ್ಟೆ ತುಂಬಿತು) ಎನ್ನುತ್ತಿದ್ದ. ಅದು ಇಂಡೊನೇಷ್ಯನ್. ಅಜ್ಜಿ ಕೇಳಲು ಬಯಸಿದ್ದು "ಆಲಾ ಕಾನ್ಯಾಂಗ್". ಎರಡೇ ಪದ, ಒಂದೇ ಅರ್ಥ. ಅಜ್ಜಿ ಒಂದು ದಿನವೂ ತಿದ್ದಲಿಲ್ಲ. ತಟ್ಟೆಗೆ ಇನ್ನೊಂದು ತುಂಡು ರಂದಾಂಗ್ (ಮಸಾಲೆ ಮಾಂಸ) ಹಾಕುತ್ತಿದ್ದರು.

ಹಾಗೆಂದು ಸಾವಿನ ಸುದ್ದಿ ಹೊತ್ತು ತಿರುಗುವವರ ಸಾಲಿಗೆ ನಾನು ಸೇರುವುದಿಲ್ಲ. ಪಡಾಂಗ್‌ನ ನಡುಮಧ್ಯಮವರ್ಗದ ಮನೆಗಳಲ್ಲಿ ಮಾತು ಸಡಿಲವಾಗಿದ್ದರೂ ಮಾರುಕಟ್ಟೆಯಲ್ಲಿ, ಬಸ್ಸಿನಲ್ಲಿ, ಎಲ್ಲಕ್ಕಿಂತ ‘ಲಾಪಾವು’ ಎಂಬ ಕಾಫಿ ಅಂಗಡಿಯಲ್ಲಿ ಅದರದೇ ರಾಜ್ಯ. ಗಂಡಸರು ಸಂಜೆ ಅಲ್ಲಿ ಕೂತು ಡಾಮಿನೊ ಕಾಯಿಗಳನ್ನು ಮೇಜಿಗೆ ಅಪ್ಪಳಿಸುತ್ತ ‘ಮಾಓತ’ ಮಾಡುತ್ತಾರೆ, ಅಂದರೆ ಹರಟೆ. ಮೊಟ್ಟೆಯ ಹಳದಿಯನ್ನು ಸಕ್ಕರೆಯೊಡನೆ ನೊರೆಗಟ್ಟುವವರೆಗೆ ಕಡೆದು ಮೇಲೆ ಬಿಸಿ ಚಹಾ ಸುರಿದ ‘ತೆ ತಾಲುವ’ ಕುಡಿಯುತ್ತಾರೆ. ಅಲ್ಲಿ ಇಂಡೊನೇಷ್ಯನ್ ಆಡಿದರೆ ಸರ್ಕಾರಿ ಮನುಷ್ಯ ಬಂದನೆಂದು ಮಾತು ನಿಲ್ಲುತ್ತದೆ.

ನಿಮಗೆ ಇದನ್ನು ನೋಡಲು ಸಮುದ್ರ ದಾಟಬೇಕಿಲ್ಲ. ಕ್ವಾಲಾಲಂಪುರದ ದಕ್ಷಿಣಕ್ಕೇ ಇರುವ ನೆಗ್ರಿ ಸೆಂಬಿಲಾನ್ ರಾಜ್ಯಕ್ಕೆ ಮಿನಾಂಗರು ಶತಮಾನಗಳ ಹಿಂದೆ ವಲಸೆ ಬಂದರು. 1773ರಲ್ಲಿ ಮಿನಾಂಗ್ ರಾಜರ ಪಾಗರುಯುಂಗ್ ಅರಮನೆಯಿಂದ ರಾಜಾ ಮೆಲೆವಾರ್‌ನನ್ನು ಕರೆಸಿ ಒಡೆಯನನ್ನಾಗಿ ಮಾಡಿಕೊಂಡರು. ಅಲ್ಲಿ ‘ಅದಾತ್ ಪೆರ್ಪಾತಿಹ್’ ಎಂಬ ಹೆಸರಲ್ಲಿ ಹೆಣ್ಣುಕಟ್ಟು ಇಂದಿಗೂ ಇದೆ, ಸುಕುಗಳೂ ಇವೆ. ಭಾನುವಾರ ಬಸ್ಸು ಹತ್ತಿ ಸೆರೆಂಬಾನ್, ಅಲ್ಲಿಂದ ಕ್ವಾಲಾ ಪಿಲಾ ಕಡೆ ಹೋಗಿ. ಶ್ರೀ ಮೆನಂತಿಯಲ್ಲಿ 1908ರಲ್ಲಿ ಒಂದೂ ಮೊಳೆ ಬಡಿಯದೆ ಕಟ್ಟಿದ ಮರದ ಅರಮನೆಯಿದೆ, ನೋಡಿ. ಆದರೆ ಕಿವಿಯನ್ನು ಸಂತೆಯ ಮುದುಕಿಯರ ಕಡೆ ಇಡಿ: ‘ಅಪೊ’ ಕೇಳಿಸುತ್ತದೆ.

ಹಿಂತಿರುಗಿ ಬಂದು ಸಹೋದ್ಯೋಗಿಯನ್ನು ಭಾಷೆಯ ಬಗ್ಗೆ ಕೇಳಬೇಡಿ, ಮತ್ತೆ ಅದೇ ತಮಾಷೆ ಬರುತ್ತದೆ. "ಉದಾ, ನಿಮ್ಮ ಸುಕು ಯಾವುದು?" ಎಂದು ಕೇಳಿ. ಆ ಮಾತು ಬೇಗ ಮುಗಿಯುವುದಿಲ್ಲ, ನಡುವೆ ಅವರು "ನಿಮ್ಮದು?" ಎಂದು ತಿರುಗಿ ಕೇಳಿಯೇ ಕೇಳುತ್ತಾರೆ. ಅಮ್ಮನಿಗೆ ಫೋನ್ ಮಾಡಿ ನಿಮ್ಮ ಬರಿ ಯಾವುದೆಂದು ಮೊದಲೇ ತಿಳಿದುಕೊಂಡಿರಿ.